ಎರಡು ಬಗೆಯ ಬದಿಯ ಪೆಡಲ್ ಕೇಳಿದವನಿಗೆ ಎರಡೂ ಬದಿ ಒಂದೇ ಇರುವ ಪೆಡಲ್ ಕೊಟ್ಟು, ವಾಪಸು ಪಡೆಯಲು ನಿರಾಕರಿಸಿದ ಬಗ್ಗೆ ದೂರು

ಗ್ರಾಹಕರ ಕುಂದುಕೊರತೆ ಅಧಿಕಾರಿಯವರಿಗೆ,

ಮಾನ್ಯರೇ,

ವಾರದ ಐದು ದಿನ ಚಪ್ಪಲಿಯಲ್ಲೋ ಕಚೇರಿಯ ಶೂನಲ್ಲೋ ಸೈಕಲ್ ತುಳಿದು ಕೆಲಸಕ್ಕೆ ಹೋಗುವ, ಭಾನುವಾರ ಮಾತ್ರ ಕ್ಲೀಟ್ ಶೂ (ಅಡಿಯಲ್ಲಿ ಪೆಡಲಿಗೆ ಸಿಕ್ಕಿಸುವ ತುಣುಕಿರುವ ಸೈಕ್ಲಿಂಗ್ ಶೂ) ತೊಟ್ಟು ಚಾಮುಂಡಿ ಬೆಟ್ಟ ಹತ್ತುವ ನನಗೆ ಬೇಕಾಗಿದ್ದುದು ಒಂದು ಬದಿ ಚಪ್ಪಟೆಯಾಗಿದ್ದು, ಇನ್ನೊಂದು ಬದಿಯಲ್ಲಿ ಆ ಶೂವನ್ನು ಹಿಡಿದಿಡುವ ಎಸ್‌ಪಿಡಿ ಕ್ಲಿಪ್ ಇರುವ ಪೆಡಲ್. ನಿಮ್ಮ ಜಾಲತಾಣದಲ್ಲಿ 'ಡ್ಯುಯಲ್ ಸೈಡೆಡ್, ನಿತ್ಯದ ಶೂಗೂ ಸೈಕ್ಲಿಂಗ್ ಶೂಗೂ' ಎಂದು ಓದಿಯೇ ಹಣ ಕಟ್ಟಿದೆ. ಪೆಟ್ಟಿಗೆ ನೇರವಾಗಿ ನಿಮ್ಮ ಮೈಸೂರು ಮಳಿಗೆಗೆ ಬಂತು, ಅಲ್ಲಿಯೇ ಜೋಡಿಸಿದರು. ಭಾನುವಾರ ಕ್ಲೀಟ್ ಶೂನಲ್ಲೇ ಹೋಗಿ ಸೈಕಲ್ ತಂದದ್ದರಿಂದ ಎರಡೂ ಬದಿಗೆ ಕ್ಲಿಪ್ಪೇ ಇದೆಯೆಂಬುದು ನನ್ನ ಗಮನಕ್ಕೆ ಬರಲಿಲ್ಲ. ಅಷ್ಟು ತಪ್ಪು ನನ್ನದು. ಸೋಮವಾರ ಮಳೆಯಲ್ಲಿ ಚಪ್ಪಲಿ ಜಾರಿ, ಪೆಡಲ್ ಗಿರ್ರನೆ ತಿರುಗಿ ಮೊಣಕಾಲ ಕೆಳಗೆ ಬಡಿದಾಗ ತಿಳಿಯಿತು.

ನಾಲ್ಕು ಬಾರಿ ಕರೆ ಮಾಡಿ, ಪ್ರತಿ ಬಾರಿಯೂ 'ನೋಡುತ್ತೇವೆ ಸರ್' ಎಂಬ ಭರವಸೆ ಪಡೆದು, ಕಳೆದ ಶನಿವಾರ ಮಳಿಗೆಗೇ ಹೋದೆ. ಕೌಂಟರಿನಲ್ಲಿದ್ದ ತರುಣರು ಪೆಡಲನ್ನು ಬೆರಳಿನಿಂದ ಒಮ್ಮೆ ತಿರುಗಿಸಿ, 'ಇದು ಒಂದು ಬದಿ' ಎಂದರು. ಮತ್ತೊಮ್ಮೆ ತಿರುಗಿಸಿ, 'ಇದು ಎರಡನೆಯದು. ಎರಡಾಯಿತಲ್ಲ ಸರ್?' ಎಂದರು. ಹಿಂದೆ ನಿಂತಿದ್ದ ಇಬ್ಬರು ಗ್ರಾಹಕರು ನಕ್ಕರು. ಎಣಿಕೆಯಲ್ಲಿ ನನಗೆ ತಕರಾರಿಲ್ಲ, ಚಪ್ಪಲಿ ಇಡಲು ಜಾಗವೆಲ್ಲಿ ಎಂದು ಕೇಳಿದ್ದಕ್ಕೆ, 'ಚಪ್ಪಲಿ ಹಾಕುವವರಿಗೆ ಇಂಥ ಪೆಡಲ್ ಏಕೆ ಸರ್, ಈ ವಯಸ್ಸಿನಲ್ಲಿ ಸಾದಾ ಪೆಡಲೇ ಆರಾಮ' ಎಂಬ ಸಲಹೆ ಸಿಕ್ಕಿತು. ನನ್ನ ವಯಸ್ಸು ಐವತ್ತನಾಲ್ಕು; ಅದನ್ನು ನಿಮ್ಮ ಆರ್ಡರ್ ಫಾರಂ ಕೇಳಿರಲಿಲ್ಲ. ಬಳಿಕ ಬಿಚ್ಚಿಕೊಡಲು ಬಂದ ಮೆಕ್ಯಾನಿಕ್, ಎಡ ಪೆಡಲಿನ ತಿರುಪು ಉಲ್ಟಾ ಇರುತ್ತದೆಂಬುದನ್ನು ಮರೆತು, ಹದಿನೈದರ ಸ್ಪ್ಯಾನರ್ ಹಿಡಿದು ಸಡಿಲಿಸುವ ಬದಲು ಇನ್ನಷ್ಟು ಬಿಗಿದರು. ನಾನು ಹೇಳಿದ ಮೇಲೆ ದಿಕ್ಕು ಬದಲಾಯಿತು. ಪೆಡಲ್ ಹೊರಬಂದ ನಂತರ ಬಂದ ತೀರ್ಪು: 'ಕ್ರ್ಯಾಂಕಿಗೆ (ಪೆಡಲ್ ಕೂರುವ ತೋಳಿಗೆ) ಹಾಕಿ ಬಳಸಿದ್ದೀರಿ, ವಾಪಸು ಇಲ್ಲ.' ಹಾಕಿದ್ದು ನಿಮ್ಮ ಮಳಿಗೆಯೇ, ಅದಕ್ಕೆ ಕೂಲಿ ಪಡೆದ ರಸೀದಿಯೂ ನಿಮ್ಮದೇ.

ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಇಲ್ಲದ ಸರಕನ್ನು ವಾಪಸು ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದು 2020ರ ಇ-ವಾಣಿಜ್ಯ ನಿಯಮಗಳು ಹೇಳುತ್ತವೆ. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಎಂಬುದೂ ಅಲ್ಲೇ ಇದೆ. ಇವೆಲ್ಲ ನಿಮಗೆ ತಿಳಿದಿರುವುದೇ. ಕೌಂಟರಿಗೆ ತಿಳಿಸಲು ಮರೆತಿರಬಹುದು.

ಕೇಳಿದ ಪೆಡಲ್ ಕೊಡಿ, ಇಲ್ಲವೇ ಜೋಡಣೆಯ ಕೂಲಿ ಸೇರಿಸಿ ಹಣ ಮರಳಿಸಿ ಎಂದು ಕೇಳಬೇಕೆಂದೇ ಈ ಪತ್ರ ಆರಂಭಿಸಿದೆ. ಬರೆಯುತ್ತ ಬರೆಯುತ್ತ ಅದರ ಆಸೆ ಕಡಿಮೆಯಾಗಿದೆ. 48 ಗಂಟೆ ಕಾಯುತ್ತೇನೆ. ಬಳಿಕ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಈ ಮೊತ್ತಕ್ಕೆ ಅಲ್ಲಿ ಶುಲ್ಕವೂ ಇಲ್ಲ. ಪೆಡಲನ್ನೂ ಚಪ್ಪಲಿಯನ್ನೂ ಅಲ್ಲಿಗೆ ಒಯ್ಯುವೆ. ಎರಡು ಬದಿ ಎಣಿಸಿ ತೋರಿಸಲು ನಿಮ್ಮ ಕೌಂಟರಿನ ತರುಣರನ್ನೇ ಕಳಿಸಿಕೊಡಿ.

ಇಂತಿ,
ಈವರೆಗೆ ನಿಮ್ಮ ಗ್ರಾಹಕ,
ಮೈಸೂರು

ಲಗತ್ತು: ಖರೀದಿ ಮತ್ತು ಜೋಡಣೆಯ ರಸೀದಿ, ನಿಮ್ಮ ಪುಟದ ಚಿತ್ರ