ಯಾವ ಓಣಿಗೆ ಯಾವಾಗ ನೀರು, ಅದನ್ನು ಹೇಳಿ

ಮಾನ್ಯ ಸಂಪಾದಕರೇ,

ಜುಲೈ ಬಂತೆಂದರೆ ನಿಮ್ಮ ಪತ್ರಿಕೆಯಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್ (ಅಂದರೆ ಸೆಕೆಂಡಿಗೆ ಇಷ್ಟು ಘನ ಅಡಿ ನೀರು), ದೂಧಗಂಗಾ ನದಿಯಿಂದ ಇಷ್ಟು, ಎರಡೂ ಸೇರಿ ಕಲ್ಲೋಳದ ಹತ್ತಿರ ಕೃಷ್ಣೆಗೆ ಇಷ್ಟು. ಕೊನೆಗೆ ಒಂದು ಸಾಲು: ನದಿತೀರದ ಜನ ಎಚ್ಚರದಿಂದ ಇರಬೇಕು. ನಾನು ಚಿಕ್ಕೋಡಿ ತಾಲ್ಲೂಕಿನ ಕೃಷ್ಣಾ ದಂಡೆಯ ಹಳ್ಳಿಯೊಂದರಲ್ಲಿ ಹಾಲಿನ ಡೇರಿಯ ಕಾರ್ಯದರ್ಶಿ. ಆ ಸುದ್ದಿ ಕೇಳಿ ಕ್ಯಾನು ಹಿಡಿದು ಬಂದವರೆಲ್ಲ ಕೇಳುವುದು ಒಂದೇ: "ಹಂಗಾದ್ರ ನಮ್ಮ ಓಣಿಗೆ ನೀರು ಬರತೈತೇನ್ರೀ?" ಇದಕ್ಕೆ ಉತ್ತರ ಸುದ್ದಿಯಲ್ಲೂ ಇರುವುದಿಲ್ಲ, ಪಂಚಾಯಿತಿಯಲ್ಲೂ ಸಿಗುವುದಿಲ್ಲ.

ಹಾಗಂತ ಉತ್ತರವೇ ಇಲ್ಲದ ಪ್ರಶ್ನೆಯೇನೂ ಅಲ್ಲ. 2005, 2019, 2021ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಊರಿನ ಪ್ರತಿ ಮನೆಗೂ ಗೊತ್ತು. ನಮ್ಮ ಡೇರಿಯ ಗೋಡೆಗೆ ಸುಣ್ಣ ಬಳಿದರೂ 2019ರ ಕೆಸರಿನ ಗೆರೆ ಈಗಲೂ ಕಾಣುತ್ತದೆ, ನನ್ನ ಎದೆಮಟ್ಟಕ್ಕೆ. ಆ ದಿನಗಳಲ್ಲಿ ಹೊಳೆಯ ಮಟ್ಟ ಎಷ್ಟಿತ್ತು ಅನ್ನುವುದು ನೀರಾವರಿ ಇಲಾಖೆಯ ಪುಸ್ತಕದಲ್ಲಿ ಇರಲೇಬೇಕು. ಎರಡನ್ನೂ ಕೂಡಿಸಿ ನೋಡಿದರೆ ಆಯಿತು. ಮಟ್ಟ ಇಷ್ಟಾದರೆ ತೋಟದ ದಾರಿ ಮುಳುಗುತ್ತದೆ, ಇನ್ನಷ್ಟು ಏರಿದರೆ ತಗ್ಗಿನ ಓಣಿ, ಅದಕ್ಕೂ ಮೇಲೆ ಹೋದರೆ ಶಾಲೆಯ ಮೆಟ್ಟಿಲು. ಊರಿನ ಕಂಬಗಳಿಗೆ ಆ ಲೆಕ್ಕದಲ್ಲಿ ಹಳದಿ, ಕೆಂಪು ಪಟ್ಟೆ ಬಳಿಯಲಿ. "ನಾಳೆ ಸಂಜೆಗೆ ಹಳದಿ ಪಟ್ಟೆ ಮುಟ್ಟಬಹುದು" ಅಂದರೆ ಓದು ಬಾರದ ಅಜ್ಜಿಗೂ ಏನು ಮಾಡಬೇಕು ಅಂತ ತಿಳಿಯುತ್ತದೆ. ಒಂದೂವರೆ ಲಕ್ಷ ಕ್ಯೂಸೆಕ್ ಅಂದರೆ ನನಗೂ ತಿಳಿಯುವುದಿಲ್ಲ.

ನಮ್ಮ ಹೊಳೆ ಹೊತ್ತು ಕೊಟ್ಟೇ ಬರುತ್ತದೆ. ಮಹಾರಾಷ್ಟ್ರದ ಕೊಯ್ನಾ ಜಲಾಶಯದ ಗೇಟು ಎತ್ತಿ ಬಿಟ್ಟ ನೀರು ಕರಾಡ, ಸಾಂಗಲಿ ದಾಟಿ, ವಾರಣಾ, ಪಂಚಗಂಗೆಯನ್ನು ಕೂಡಿಸಿಕೊಂಡು ಇಲ್ಲಿಗೆ ಬರಬೇಕು. ಗುಡ್ಡ ಕುಸಿದ ಹಾಗೆ ಕಣ್ಣು ಬಿಡುವುದರೊಳಗೆ ಆಗುವ ಅನಾಹುತ ಇದಲ್ಲ. ಇಷ್ಟಿದ್ದೂ ಪ್ರತಿ ಸಲ ಕೊನೇ ಗಳಿಗೆಯಲ್ಲಿ ದೋಣಿ ತರುವ ಪರಿಸ್ಥಿತಿ ಬರುವುದು ತೋಟದ ಮನೆಗಳಿಂದಾಗಿ. ಅವು ಊರಿನಿಂದ ದೂರ, ಹೊಳೆಗೆ ಹತ್ತಿರ, ಸುತ್ತಲೂ ಎತ್ತರಕ್ಕೆ ಬೆಳೆದ ಕಬ್ಬು. ಮನೆಗೆ ನೀರು ಬರುವ ಮೊದಲೇ ಅಲ್ಲಿಗೆ ಹೋಗುವ ದಾರಿ ಮುಳುಗಿರುತ್ತದೆ. ಡಂಗುರ ಸಾರುವುದು ಮಾತ್ರ ಊರ ಅಗಸೆಯಲ್ಲಿ! ತಗಡಿನ ಮೇಲೆ ಮಳೆ ಬಡಿಯುತ್ತಿರುವಾಗ ಪಕ್ಕದವರ ಮಾತೇ ಕೇಳುವುದಿಲ್ಲ, ಇನ್ನು ಊರೊಳಗಿನ ಡಂಗುರ ಎಲ್ಲಿ ಕೇಳಬೇಕು? ಮೊಬೈಲಿಗೆ ಸಂದೇಶ ಕಳಿಸಿದ್ದೇವೆ ಅನ್ನುತ್ತಾರೆ. ನೀರು ಏರಿದಾಗ ಅಪಾಯ ಬೇಡ ಅಂತ ಕರೆಂಟ್ ತೆಗೆಯುತ್ತಾರೆ, ಅದು ಸರಿಯೇ. ಆದರೆ ಮರುದಿನಕ್ಕೆ ಯಾರ ಫೋನಿನಲ್ಲೂ ಚಾರ್ಜ್ ಇರುವುದಿಲ್ಲ. ಗುಡಿಯ ಮೈಕಿಗೂ ಮಸೀದಿಯ ಮೈಕಿಗೂ ಒಂದೊಂದು ಬ್ಯಾಟರಿ ಕೊಡಿಸಿ. ತೋಟದ ಮನೆಗಳಿಗೆ ಮಾತ್ರ ಮನುಷ್ಯರೇ ಹೋಗಿ ಹೇಳಬೇಕು, ಅದೂ ಊರಿಗೆ ಹೇಳುವ ಮೊದಲು. ದಿನಾ ಎರಡು ಹೊತ್ತು ಅಲ್ಲಿಗೆ ಹೋಗಿಬರುವವರು ಹಾಲಿನ ಗಾಡಿಯ ಹುಡುಗರು. ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರಿದ್ದಾರೆ, ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಎಲ್ಲ ಅವರಿಗೆ ಗೊತ್ತು. ಇವತ್ತಿನವರೆಗೆ ಅವರನ್ನು ಯಾರೂ ಒಂದು ಸಭೆಗೂ ಕರೆದಿಲ್ಲ.

ಇನ್ನು ದನಗಳ ವಿಷಯ. "ಎಷ್ಟು ಹೇಳಿದರೂ ಜನ ಮನೆ ಬಿಡುವುದಿಲ್ಲ" ಅಂತ ಅಧಿಕಾರಿಗಳು ಬೇಸರ ಮಾಡಿಕೊಳ್ಳುತ್ತಾರೆ. ಜನ ಹಿಡಿದು ನಿಲ್ಲುವುದು ಮನೆಯನ್ನಲ್ಲ, ಎಮ್ಮೆಯನ್ನು. ಹೆಂಡತಿ ಮಕ್ಕಳನ್ನು ಕಾಳಜಿ ಕೇಂದ್ರಕ್ಕೆ (ನೆರೆ ಬಂದಾಗ ಜನರನ್ನು ಇರಿಸುವ ಜಾಗ) ಕಳಿಸಿ ಗಂಡಸು ಕೊಟ್ಟಿಗೆಯಲ್ಲೇ ಉಳಿಯುತ್ತಾನೆ. ಅವನ ಸಂಸಾರ ನಡೆಯುವುದೇ ಆ ಎರಡು ಎಮ್ಮೆಯ ಹಾಲಿನಿಂದ, ಬಿಟ್ಟು ಹೇಗೆ ಬರುತ್ತಾನೆ? ಜನರಿಗೆ ಶಾಲೆ ಗುರುತಿಸುವ ದಿನವೇ ದನಗಳಿಗೂ ಎತ್ತರದ ಒಂದು ಜಾಗ ಗುರುತಿಸಬೇಕು. ಅಲ್ಲಿ ನೆರಳು, ಗೋದಲಿ, ಮೊದಲ ದಿನಕ್ಕೇ ಮೇವು ಇರಬೇಕು. ಎಷ್ಟು ಮೇವು ಬೇಕು ಅಂತ ಅಂದಾಜು ಹಾಕುತ್ತಾ ಕೂರುವುದು ಬೇಡ. ಯಾರ ಮನೆಯಲ್ಲಿ ಎಷ್ಟು ಕರೆಯುವ ಎಮ್ಮೆ, ಎಷ್ಟು ಆಕಳು ಅನ್ನುವ ಲೆಕ್ಕ ನಮ್ಮ ಡೇರಿ ಪುಸ್ತಕದಲ್ಲಿ ಇದೆ, ಕೇಳಿದರೆ ನಾಳೆಯೇ ಕೊಡುತ್ತೇನೆ. ದನ ಕಟ್ಟುವ ಎಲ್ಲರಿಗೂ ಇನ್ನೊಂದು ಮಾತು: ನೈಲಾನ್ ಕಣ್ಣಿ ನೆಂದು ದನ ಜಗ್ಗಿದರೆ ಗಂಟು ಬಿಗಿಯುತ್ತದೆ, ಕತ್ತಲಲ್ಲಿ ಬಿಚ್ಚಲು ಬರುವುದಿಲ್ಲ. ಮಳೆಗಾಲ ಮುಗಿಯುವವರೆಗೆ ಕೊಟ್ಟಿಗೆಯ ಕಂಬಕ್ಕೆ ಒಂದು ಕುಡುಗೋಲು ಸಿಕ್ಕಿಸಿಡಿ. ಜೊತೆಗೆ ಕರೆದೊಯ್ಯಲು ಆಗದಿದ್ದರೆ ಕಣ್ಣಿ ಕೊಯ್ದು ಬಿಡಿ. ಎಮ್ಮೆ ಈಜುತ್ತದೆ. ಕಟ್ಟಿಹಾಕಿದ ಎಮ್ಮೆ ಮುಳುಗುತ್ತದೆ.

ದೋಣಿ ಬರುತ್ತದಲ್ಲ ಅನ್ನುವವರಿಗೆ ಬ್ರಹ್ಮನಾಳದ ನೆನಪು ಮಾಡಿಕೊಡುತ್ತೇನೆ. 2019ರ ಆಗಸ್ಟ್ 8ರಂದು ಸಾಂಗಲಿ ಜಿಲ್ಲೆಯ ಆ ಊರಿನಲ್ಲಿ ಜನರನ್ನು ಹೊರಗೆ ಸಾಗಿಸುತ್ತಿದ್ದ ದೋಣಿಯೇ ಮಗುಚಿತು. ಜನ ಜಾಸ್ತಿ ತುಂಬಿದ್ದರು. ಹೆಂಗಸರು, ಮಕ್ಕಳು ಸತ್ತರು. ಅದೂ ಇದೇ ಕೃಷ್ಣೆ. ದಾರಿ ಒಣಗಿದ್ದಾಗಲೇ ನಡೆದು ಬಂದವರಿಗೆ ದೋಣಿಯ ಅಗತ್ಯವೇ ಇರುವುದಿಲ್ಲ ಅಲ್ವಾ?

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದ ಪ್ರವಾಹ ಬರುತ್ತದೋ ಇಲ್ಲವೋ ಎಂಬ ಜಗಳವನ್ನು ಕರ್ನಾಟಕ, ಮಹಾರಾಷ್ಟ್ರ ಎರಡು ರಾಜ್ಯಗಳು ಆಡಿಕೊಳ್ಳಲಿ. ನಾವು ಕೇಳುತ್ತಿರುವ ಕೆಲಸಕ್ಕೆ ಯಾವ ನ್ಯಾಯಮಂಡಳಿಯೂ ಬೇಕಿಲ್ಲ. ಮೇ ತಿಂಗಳಲ್ಲಿ ಪ್ರತಿ ನದಿತೀರದ ಊರಿನಲ್ಲೂ ಒಂದು ಗ್ರಾಮಸಭೆ ಕರೆಯಿರಿ. ನೋಡಲ್ ಅಧಿಕಾರಿ, ಪಿಡಿಒ, ಲೈನ್‌ಮನ್, ಆಶಾ ಕಾರ್ಯಕರ್ತೆ, ದೋಣಿ ನಡೆಸುವವರು, ಹಾಲಿನ ಹುಡುಗರು ಒಟ್ಟಿಗೆ ಕೂರಲಿ. ಜಿಲ್ಲಾ ನಿಯಂತ್ರಣ ಕೊಠಡಿಯ 1077 ನಂಬರನ್ನು ಪ್ರತಿ ಕೊಟ್ಟಿಗೆಯ ಬಾಗಿಲಿಗೆ ಬರೆಸಿ. ಆಮೇಲೆ ಒಂದು ದಿನ ನಿಜವಾಗಿ ದನ ಹೊಡೆದುಕೊಂಡು ಎತ್ತರದ ಜಾಗಕ್ಕೆ ನಡೆದು ನೋಡೋಣ, ಎಷ್ಟು ಹೊತ್ತು ಬೇಕು ಅಂತ ಗೊತ್ತಾಗಲಿ.

ನಿಮ್ಮಲ್ಲೂ ಒಂದು ವಿನಂತಿ. ಈ ಮಳೆಗಾಲದಿಂದ ಕ್ಯೂಸೆಕ್ ಜೊತೆಗೆ ಕಲ್ಲೋಳ-ಯಡೂರ ಬ್ಯಾರೇಜಿನ ಬಳಿ ಹೊಳೆ ಎಷ್ಟು ಮೀಟರಿಗೆ ನಿಂತಿದೆ, ನಿನ್ನೆಗಿಂತ ಏರಿದೆಯೋ ಇಳಿದಿದೆಯೋ ಅಂತಲೂ ಹಾಕಿ. ನಮ್ಮೂರ ಕಂಬಗಳಿಗೆ ಬಣ್ಣ ಬಳಿಯಲು ನಮ್ಮ ಡೇರಿಯ ಹುಡುಗರು ತಯಾರಿದ್ದಾರೆ. ಯಾವ ಎತ್ತರಕ್ಕೆ ಬಳಿಯಬೇಕು ಎಂಬ ಅಂಕಿಯನ್ನು ಇಲಾಖೆ ಕೊಡಬೇಕು.

– ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ, ಚಿಕ್ಕೋಡಿ ತಾಲ್ಲೂಕು