ಪಾಲಕರು ಬೇರೆ, ಪೋಷಕರು ಬೇರೆ

ಮಾನ್ಯರೇ,

ಪತ್ರಿಕೆಯಲ್ಲಿ ಒಂದು ದಿನ ‘ಪಾಲಕರ ಆತಂಕ’ ಅಂತ ತಲೆಬರಹ ಇದ್ದರೆ ಮರುದಿನ ‘ಪೋಷಕರ ಪ್ರತಿಭಟನೆ’. ಎರಡೂ ಕಡೆ ಮಾತು ಮಕ್ಕಳ ಅಪ್ಪ-ಅಮ್ಮನದ್ದೇ. ಎರಡೂ ಒಂದೇ ಅಲ್ವಾ ಅಂತ ನಾನೂ ಸುಮ್ನಿದ್ದೆ, ಮೊನ್ನೆ ಒಂದು ಶಾಲೆಯ ಕಚೇರಿಗೆ ಹೋಗುವವರೆಗೆ.

ಅಕ್ಕನ ಮಗಳು ಐದು ವರ್ಷದಿಂದ ನಮ್ಮ ಮನೆಯಲ್ಲೇ ಇದ್ದು ಓದುತ್ತಿದ್ದಾಳೆ. ಅರ್ಜಿಯಲ್ಲಿ ‘ಪೋಷಕರ ಸಹಿ’ ಅಂತಿದ್ದ ಕಡೆ ನಾನು ಸಹಿ ಹಾಕಿದೆ. ‘ನೀವು ಸೋದರಮಾವ, ಪೋಷಕರಲ್ಲ, ಅವರ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಬನ್ನಿ’ ಅಂದರು ಅಲ್ಲಿನ ಗುಮಾಸ್ತರು. ಊಟ, ಬಟ್ಟೆ, ಫೀಸು, ಜ್ವರ ಬಂದರೆ ರಾತ್ರಿಯಿಡೀ ಪಕ್ಕದಲ್ಲಿ ಕೂರುವುದು, ಎಲ್ಲ ನಮ್ಮದೇ. ಪೋಷಕ ನಾನಲ್ಲದೆ ಇನ್ಯಾರು ಸ್ವಾಮಿ?

ಪೋಷಣೆ ಅಂದರೆ ಉಣಿಸಿ, ತಿನಿಸಿ ಬೆಳೆಸುವುದು. ಪೋಷಕಾಂಶ, ಪೌಷ್ಟಿಕ ಆಹಾರ ಎಲ್ಲ ಅದೇ ಬೇರಿನವು. ಸಂಘಗಳ ಆಮಂತ್ರಣದಲ್ಲಿ ‘ಮಹಾಪೋಷಕರು’ ಅಂತ ಹೆಸರು ಹಾಕುವುದೂ ಕೈಯಿಂದ ದುಡ್ಡು ಕೊಟ್ಟವರಿಗೇ. ಪಾಲಕ ಹಾಗಲ್ಲ, ಕಾಯುವವನು, ಹೊಣೆ ಹೊತ್ತವನು. ದ್ವಾರಪಾಲಕ ಬಾಗಿಲು ಕಾಯುತ್ತಾನೆ, ಗ್ರಂಥಪಾಲಕ ಪುಸ್ತಕ ನೋಡಿಕೊಳ್ಳುತ್ತಾನೆ, ಬಾಗಿಲಿಗೂ ಪುಸ್ತಕಕ್ಕೂ ಯಾರೂ ಊಟ ಹಾಕುವುದಿಲ್ಲ. (ಗೋಪಾಲ ಕಾಯುವುದರ ಜೊತೆ ಮೇಯಿಸುವುದನ್ನೂ ಮಾಡುತ್ತಾನೆ, ಅದು ಬೇರೆ ಮಾತು.)

ನಮ್ಮ ದೇಶದ 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆಯಲ್ಲಿ ಗಾರ್ಡಿಯನ್ ಅಂದರೆ ಚಿಕ್ಕ ವಯಸ್ಸಿನವರನ್ನಾಗಲಿ, ಅವರ ಆಸ್ತಿಯನ್ನಾಗಲಿ, ಎರಡನ್ನೂ ಆಗಲಿ ನೋಡಿಕೊಳ್ಳುವವರು. ಅಂದರೆ ಮಗುವಿಗೆ ಒಂದು ತುತ್ತೂ ಉಣಿಸದೆ ಬರೀ ಅದರ ಹೊಲ-ಮನೆಯ ಲೆಕ್ಕ ನೋಡುವವರೂ ಗಾರ್ಡಿಯನ್ನೇ. ಅವರನ್ನು ಪೋಷಕ ಅಂದರೆ ನಗೆಪಾಟಲು, ಪಾಲಕ ಅಂದರೆ ಸರಿಹೋಗುತ್ತದೆ.

ನನ್ನ ವಿಷಯ ಇದಕ್ಕೆ ಉಲ್ಟಾ. ಸಾಕುತ್ತಿರುವವನು ನಾನು, ಕಾನೂನಿನ ಲೆಕ್ಕದಲ್ಲಿ ಅವಳ ಹೊಣೆ ಇರುವುದು ಭಾವನ ಮೇಲೆ. ಕಚೇರಿಯವರಿಗೆ ಬೇಕಿದ್ದದ್ದು ಪಾಲಕರು, ಅರ್ಜಿಯಲ್ಲಿ ಅಚ್ಚಾಗಿದ್ದದ್ದು ಪೋಷಕರು! ಆ ಗುಮಾಸ್ತರ ಮೇಲೆ ರೇಗಿದ್ದು ನನ್ನದೇ ತಪ್ಪು ಅಂತ ಆಮೇಲೆ ಅನ್ನಿಸಿತು.

ಅರ್ಜಿ ಮಾಡುವವರು ‘ತಂದೆ, ತಾಯಿ ಅಥವಾ ಪಾಲಕರು’ ಅಂತ ಹಾಕಲಿ, ಮಗು ಯಾರ ಮನೆಯಲ್ಲಿದೆ ಅಂತ ತಿಳಿಯಬೇಕಿದ್ದರೆ ಪೋಷಕರ ಹೆಸರನ್ನು ಬೇರೆಯಾಗಿ ಕೇಳಲಿ. ನಿಮ್ಮ ವರದಿಗಾರರಿಗೂ ಒಂದು ಮಾತು. ಅಪ್ಪ-ಅಮ್ಮನ ಬಗ್ಗೆ ಬರೆಯುವುದಾದರೆ ‘ಹೆತ್ತವರು’ ಅನ್ನುವ ಒಳ್ಳೆ ಪದ ಇದೆಯಲ್ಲ, ಅದನ್ನೇ ಬಳಸಬಾರದೇಕೆ?

ಅರ್ಜಿ ಇನ್ನೂ ನಮ್ಮ ಮನೆಯಲ್ಲೇ ಇದೆ. ಭಾವ ಬರುವುದು ಮುಂದಿನ ವಾರ.

– ಒಬ್ಬ ಓದುಗ