ವಿಷಯ: ಹಡಗಿನ ಸ್ಪಾದಲ್ಲಿ ನನಗೆ ಸಿಕ್ಕ ‘ವಿಶ್ರಾಂತಿ’ಯ ಕುರಿತು ದೂರು

ಇವರಿಗೆ,
ಮುಖ್ಯಸ್ಥರು, ಪ್ರಯಾಣಿಕರ ದೂರು ವಿಭಾಗ
(ಸ್ಪಾ ನಮ್ಮದಲ್ಲ ಎಂದು ಮತ್ತೆ ಹೇಳುವುದಾದರೆ, ಅದು ಯಾರದೋ ಅವರಿಗೆ ಈ ಪತ್ರ ದಾಟಿಸಿ.)

ಮಾನ್ಯರೇ,

ಮೂರು ಸಲ ಫೋನ್ ಮಾಡಿದೆ, ಎರಡು ಇಮೇಲ್ ಬರೆದೆ. ಪ್ರತಿ ಸಲವೂ ಮೆತ್ತಗೇ ಮಾತಾಡಿದೆ. ನಿನ್ನೆ ನಿಮ್ಮ ಉತ್ತರ ಬಂತು. ನನ್ನ ಅನಿಸಿಕೆ ನಿಮಗೆ ಅಮೂಲ್ಯವಂತೆ. ಅದಕ್ಕೆ ಮುಂದಿನ ಪ್ರಯಾಣದಲ್ಲಿ ಅದೇ ಸ್ಪಾದಲ್ಲಿ ಶೇ. 10 ರಿಯಾಯಿತಿಯಂತೆ, ಅದೂ ಹಡಗು ಬಂದರಿನಲ್ಲಿ ನಿಂತ ದಿನ ಮಾತ್ರ. ಬಂದರಿನ ದಿನ ಎಲ್ಲರೂ ಊರು ನೋಡಲು ಇಳಿದಿರುತ್ತಾರೆ, ಸ್ಪಾ ಖಾಲಿ ಹೊಡೆಯುತ್ತಿರುತ್ತದೆ, ಆ ದಿನ ಕಂಡವರಿಗೆಲ್ಲ ರಿಯಾಯಿತಿ ಹಂಚುತ್ತೀರಿ. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆ ಕೂಪನ್ ನೋಡಿದ ಮೇಲೆ ಬರೆಯಲು ಕೂತಿದ್ದೇನೆ. ಸಿಟ್ಟು ಮಾಡಿಕೊಳ್ಳಬಾರದು ಅಂದುಕೊಂಡೇ ಕೂತಿದ್ದೇನೆ.

ಮೊದಲು ಪಾಸಿನ ವಿಷಯ. ಏಳು ರಾತ್ರಿಗೂ ಸಲ್ಲುವ ಥರ್ಮಲ್ ಸೂಟ್ ಪಾಸನ್ನು, ಅಂದರೆ ಸ್ಪಾದೊಳಗಿನ ಬಿಸಿ ಕೋಣೆಗಳ ಪಾಸನ್ನು, ಹಡಗು ಹತ್ತಿದ ದಿನವೇ, ಪೆಟ್ಟಿಗೆ ಕ್ಯಾಬಿನ್‌ಗೆ ಬರುವ ಮೊದಲೇ ಕೊಂಡೆ. “ಲೆಕ್ಕದ ಪಾಸ್ ಮೇಡಂ, ಸಂಜೆಗೆಲ್ಲ ಖಾಲಿ” ಎಂದು ಅವಸರ ಮಾಡಿದರು. ಬಿಸಿ ಕಲ್ಲಿನ ಮಂಚ, ಹಬೆ ಕೋಣೆ, ಸೌನಾ, ಗುಳ್ಳೆ ಏಳುವ ಉಪ್ಪುನೀರಿನ ಕೊಳ, ಎಲ್ಲ ತೋರಿಸಿದರು. ಎರಡನೇ ದಿನ ಅಲೆ ಜೋರಿತ್ತು, ಕೊಳಕ್ಕೆ ಬಲೆ ಕಟ್ಟಿದಿರಿ. ಅದು ಸರಿ. ಸ್ಪಾ ಇರುವುದು ಮೇಲಿನ ಡೆಕ್‌ನ ಮುಂತುದಿಯಲ್ಲಿ, ಹಡಗು ತಲೆ ಎತ್ತಿ ಇಳಿಸುವಾಗ ಹೆಚ್ಚು ತೂಗುವುದೂ ಅಲ್ಲೇ. ಕೊಳದಲ್ಲಿ ಯಾರದೋ ತಲೆ ಒಡೆಯುವುದಕ್ಕಿಂತ ಬಲೆ ಮೇಲು. ಮೂರನೇ ದಿನ ಸಮುದ್ರ ಎಣ್ಣೆ ಹುಯ್ದ ಹಾಗೆ ಸುಮ್ಮನಿತ್ತು, ಬಲೆ ಹಾಗೇ ಇತ್ತು. ನಾಲ್ಕನೇ ದಿನ ಬಲೆಯ ಮೇಲೆ ‘ದುರಸ್ತಿಯಲ್ಲಿದೆ’ ಎಂಬ ಬೋರ್ಡ್ ಬಂತು. ಐದನೇ ದಿನ ಮಂಚಗಳ ಬಿಸಿಯೂ ಹೋಯಿತು. ಕೇಳಿದರೆ, ಪಾಸ್ ಇರುವುದು ಸೂಟ್‌ಗೆ, ಒಳಗಿನ ಯಾವುದೇ ಒಂದು ಸೌಲಭ್ಯಕ್ಕಲ್ಲ ಅಂದರು. ಅಂದರೆ ನಾನು ದುಡ್ಡು ಕೊಟ್ಟಿದ್ದು ಬಾಗಿಲಿಗೆ.

ಇಷ್ಟೇ ಆಗಿದ್ದರೆ ಪತ್ರ ಬರೆಯುತ್ತಿರಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ 10 ಗಂಟೆಗೆ ನನ್ನ ಬಿಸಿ ಕಲ್ಲಿನ ಮಸಾಜ್ ಇತ್ತು, 75 ನಿಮಿಷದ್ದು. ಮೊದಲಿಗೆ ಒಂದು ಫಾರಂ ಕೊಟ್ಟರು. ಬಿಪಿ, ಸಕ್ಕರೆ ಕಾಯಿಲೆ, ಥೈರಾಯ್ಡ್, ಮಂಡಿ, ಬೆನ್ನು, ನಿದ್ದೆ, ಜೀರ್ಣ. 54 ವರ್ಷದ ನನ್ನನ್ನು ಗರ್ಭಿಣಿಯೇ ಎಂದೂ ಕೇಳಿತ್ತು, ಇರಲಿ. ವಿವರ ಗೋಪ್ಯವಾಗಿಡುತ್ತೇವೆ ಎಂದು ಕೆಳಗೆ ಅಚ್ಚಾಗಿತ್ತು. ಪರೀಕ್ಷೆ ಬರೆಯುವ ಹುಡುಗಿಯ ಹಾಗೆ ನಿಯತ್ತಾಗಿ ತುಂಬಿದೆ. ಥೈರಾಯ್ಡ್ ಮಾತ್ರೆ ನುಂಗುತ್ತೇನೆಂದು ಬರೆದೆ. ಎರಡು ಸಾಲು ಕೆಳಗೆ, ಮಲಬದ್ಧತೆ ಎಂಬಲ್ಲಿಯೂ ಗುರುತು ಹಾಕಿದೆ.

ಮಸಾಜ್ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಆ ಹುಡುಗಿಯ ಕೈ ಒಳ್ಳೆಯದು. ಬೆನ್ನ ಮೇಲೆ ಕರಿ ಕಲ್ಲು ಜಾರುತ್ತಿದ್ದರೆ ನನಗೆ ಜೊಂಪು ಹತ್ತಿತ್ತು. “ಆಯಿತು ಮೇಡಂ” ಎಂದಾಗ ಗೋಡೆ ಗಡಿಯಾರದಲ್ಲಿ 10.55. ಮಿಕ್ಕ 20 ನಿಮಿಷ ಏನಾಯಿತೆಂದರೆ, ಅದು ‘ಸಲಹೆ’ಗೆ ಮೀಸಲು.

ಸಲಹೆ ನಡೆದದ್ದು ಸ್ವಾಗತ ಮೇಜಿನ ಎದುರು. ನಾನಿದ್ದ ಅವತಾರ ಹೇಳಲೇಬೇಕು. ಬಿಳಿ ನಿಲುವಂಗಿ, ಎರಡು ಅಳತೆ ದೊಡ್ಡ ಚಪ್ಪಲಿ, ತಲೆಗೆ ಟವೆಲ್, ಕಿವಿಯ ಹಿಂದೆ ಇಳಿಯುತ್ತಿದ್ದ ಎಣ್ಣೆ, ಕೆನ್ನೆಯ ಮೇಲೆ ಮಸಾಜ್ ಮಂಚದ ತೂತಿನ ದುಂಡನೆಯ ಅಚ್ಚು. ಕನ್ನಡಕ ಲಾಕರ್‌ನಲ್ಲಿ. ಹಿಂದೆ ಆರೇಳು ಜನರ ಸಾಲು. ಅದರಲ್ಲಿ ದಿನಾ ರಾತ್ರಿ ಊಟಕ್ಕೆ ನಮ್ಮ ಟೇಬಲ್ಲಿಗೇ ಕೂರುವ ಗಂಡ ಹೆಂಡತಿಯೂ ಇದ್ದರು.

“ಮೇಡಂ, ನಿಮ್ಮ ದೇಹದಲ್ಲಿ ವಿಷ ತುಂಬಿಕೊಂಡಿದೆ” ಎಂದಳು.

“ಎಷ್ಟು?” ಎಂದು ಕೇಳಿದೆ.

“ತುಂಬಾ. ಬೆನ್ನಿನ ಗಂಟುಗಳಲ್ಲಿ ಕೈಗೇ ಸಿಕ್ಕಿತು.”

ವಿಷ ಹೊರಹಾಕಲು ನನಗೆ ಲಿವರ್ ಇದೆ, ಕಿಡ್ನಿ ಎರಡಿವೆ, ಮೂರೂ ಕೆಲಸ ಮಾಡುತ್ತಿವೆ ಎಂದೆ. ಅವಳು ನನ್ನ ಫಾರಂ ಎತ್ತಿಕೊಂಡಳು.

“ನೀವೇ ಬರೆದಿದ್ದೀರಲ್ಲ ಮೇಡಂ, ಮಲಬದ್ಧತೆ ಅಂತ. ಎಷ್ಟು ದಿನಕ್ಕೊಮ್ಮೆ ಹೋಗುತ್ತೀರಿ?”

“ಸ್ವಲ್ಪ ಮೆಲ್ಲಗೆ” ಎಂದೆ. ನನಗೆ ಕೇಳಿಸಲಿಲ್ಲ ಅಂದುಕೊಂಡಳೋ ಏನೋ, ಅದೇ ಪ್ರಶ್ನೆಯನ್ನು ಇನ್ನೂ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಕೇಳಿದಳು. ಸಾಲು ನಿಶ್ಶಬ್ದವಾಯಿತು. ಅಷ್ಟು ಹೊತ್ತು ಹಾಡುತ್ತಿದ್ದ ಕೊಳಲಿನ ಸಂಗೀತವೂ ಆಗಲೇ ನಿಲ್ಲಬೇಕೆ!

ಮೇಜಿನ ಮೇಲೆ ಮೂರು ಡಬ್ಬಿ ಬಂದವು. ಕಡಲಪಾಚಿಯ ಮಾತ್ರೆ, ಕಡಲಪಾಚಿಯ ಪುಡಿ, ಮೈಗೆ ಹಚ್ಚುವ ಕಡಲಪಾಚಿಯ ಜೆಲ್. ಮೂರು ತಿಂಗಳ ‘ಕೋರ್ಸ್’. ಬೆಲೆ ಕಾಣಿಸುತ್ತಿಲ್ಲ ಎಂದರೆ ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸಿದಳು, ಅದೂ ಕಾಣಿಸಲಿಲ್ಲ. ಬೇಕೇ ಎಂದು ಕೇಳಲಿಲ್ಲ, “ಯಾವುದನ್ನು ಕ್ಯಾಬಿನ್ ಲೆಕ್ಕಕ್ಕೆ ಬರೆಯಲಿ?” ಎಂದು ಕೇಳಿದಳು. ಬೇಡ ಅಂದೆ. ಮತ್ತೊಮ್ಮೆ ಬೇಡ ಅಂದೆ. ಮೂರನೇ ಸಲಕ್ಕೆ ಒಳಗಿನಿಂದ ಮ್ಯಾನೇಜರ್ ಬಂದು, “ಆರೋಗ್ಯಕ್ಕಿಂತ ದುಡ್ಡು ಹೆಚ್ಚೇ ಮೇಡಂ?” ಎಂದು ನಕ್ಕರು. ಆಮೇಲೆ ಬಿಲ್ಲು. ಶೇ. 18 ಟಿಪ್ಸ್ ಮೊದಲೇ ಸೇರಿತ್ತು. ಅದರ ಕೆಳಗೆ ‘ಹೆಚ್ಚುವರಿ ಟಿಪ್ಸ್’ ಎಂಬ ಖಾಲಿ ಗೆರೆ. ಕೈಗೆ ಪೆನ್ನು.

ಆ ರಾತ್ರಿ ಊಟದ ಟೇಬಲ್ಲಿನಲ್ಲಿ ಆ ಯಜಮಾನರು ಒಂದೂ ಮಾತಾಡದೆ ಒಣಹಣ್ಣಿನ ಬಟ್ಟಲನ್ನು ನನ್ನ ಕಡೆ ಸರಿಸಿದರು. ಒಳ್ಳೆಯ ಮನುಷ್ಯ. ಅವರ ಮೇಲೆ ನನ್ನ ದೂರಿಲ್ಲ.

ಹುಡುಗಿಯ ಮೇಲೂ ಇಲ್ಲ. ಅವಳ ಸಂಪಾದನೆ ಕಮಿಷನ್ನಿನದು ಎಂದು ನನಗೂ ಗೊತ್ತು. ಈ ಪತ್ರ ನೋಡಿ ಅವಳನ್ನು ಗದರಿಸಿದರೆ ಇನ್ನೊಂದು ಪತ್ರ ಬರುತ್ತದೆ. ನನ್ನ ಪ್ರಶ್ನೆ ನಿಮಗೆ. ಕಡಲಪಾಚಿಯಲ್ಲಿ ಅಯೋಡಿನ್ ಎಷ್ಟಿರುತ್ತದೆ, ಥೈರಾಯ್ಡ್ ಇರುವವರು ವೈದ್ಯರನ್ನು ಕೇಳದೆ ಅಂಥ ಮಾತ್ರೆ ತಿಂದರೆ ಏನಾಗಬಹುದು ಎನ್ನುವುದು ಆರೋಗ್ಯ ಮಾರುವ ನಿಮಗೆ ತಿಳಿಯದ್ದೇ? ಮಲಬದ್ಧತೆ ಓದಲು ಬಂದವರಿಗೆ ಎರಡು ಸಾಲು ಮೇಲಿದ್ದ ಥೈರಾಯ್ಡ್ ಓದಲು ಬರಲಿಲ್ಲ. 1912ರ ಟೈಟಾನಿಕ್‌ನಲ್ಲೂ ಟರ್ಕಿಶ್ ಸ್ನಾನಗೃಹ ಇತ್ತು, ಒಂದು ಡಾಲರ್ ಟಿಕೆಟ್. ಆ ಹಡಗಿನ ಗತಿ ಏನಾಯಿತೋ ಆಯಿತು, ಬೆವರಿಳಿಸಿ ಎದ್ದು ಬಂದವರ ಹೊಟ್ಟೆಯ ವಿಚಾರವನ್ನು ಅಲ್ಲಿ ಯಾರೂ ಸಾಲಿನ ಮುಂದೆ ಕೇಳಿರಲಾರರು.

ಆರನೇ ದಿನ ಹಡಗು ದಡಕ್ಕೆ ತಾಗದೆ ದೂರದಲ್ಲಿ ಲಂಗರು ಹಾಕಿತ್ತು. ಸಂಜೆ 4 ಗಂಟೆಗೆ ನನ್ನ ಫೇಶಿಯಲ್. ಮೂರಕ್ಕೇ ದಡದಲ್ಲಿ ಬಂದು ನಿಂತೆ. ದಡದಿಂದ ಹಡಗಿಗೆ ಜನರನ್ನು ಸಾಗಿಸುವ ನಿಮ್ಮ ಟೆಂಡರ್ ದೋಣಿ ಬಂದದ್ದು ತಡವಾಗಿ, ಸ್ಪಾ ತಲುಪಿದಾಗ 4.20. ‘24 ಗಂಟೆ ಮೊದಲು ರದ್ದು ಮಾಡಬೇಕಿತ್ತು’ ಎಂದು ಪೂರ್ತಿ ದುಡ್ಡು ಕತ್ತರಿಸಿದರು. ನಿಮ್ಮ ದೋಣಿ ತಡವಾಗುತ್ತದೆಂದು ಹಿಂದಿನ ದಿನವೇ ನನಗೆ ಕನಸು ಬೀಳಬೇಕಿತ್ತು. “ದೋಣಿ ಹಡಗಿನದು, ಸ್ಪಾ ಬೇರೆ ಕಂಪನಿಯದು” ಎಂದರು ಅಲ್ಲಿ. “ಸ್ಪಾ ಗುತ್ತಿಗೆಯದು, ಅವರನ್ನೇ ಕೇಳಿ” ಎಂದಿರಿ ನೀವು ಫೋನಿನಲ್ಲಿ. ದುಡ್ಡು ಮಾತ್ರ ಒಂದೇ ಕ್ಯಾಬಿನ್ ಕಾರ್ಡಿನಿಂದ, ಒಂದೇ ಬಿಲ್ಲಿನಲ್ಲಿ, ನಿಮ್ಮದೇ ಹೆಸರಿಗೆ ಹೋಗಿದೆ. ದುಡ್ಡು ತೆಗೆದುಕೊಳ್ಳುವಾಗ ಒಂದೇ ಮನೆ, ದೂರು ಬಂದಾಗ ಬೇರೆ ಒಲೆಯೇ?

ಪಾಸಿನ ದುಡ್ಡು, ಫೇಶಿಯಲ್‌ನ ದುಡ್ಡು, ಮಸಾಜ್‌ನ 20 ನಿಮಿಷದ ದುಡ್ಡು, ಮೂರೂ 15 ದಿನದಲ್ಲಿ ವಾಪಸ್ ಬರಬೇಕು. ಬರದಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ತಕರಾರು ಹೋಗುತ್ತದೆ, ಅಲ್ಲಿಂದ ಮುಂದೆ ಗ್ರಾಹಕ ನ್ಯಾಯಾಲಯ. ಬಿಲ್ಲು, ದುರಸ್ತಿ ಬೋರ್ಡಿನ ಫೋಟೊ, ನಿಮ್ಮ ಕೂಪನ್ ಎಲ್ಲವನ್ನೂ ತೆಗೆದಿಟ್ಟಿದ್ದೇನೆ.

ಇನ್ನೊಂದು. ಇಳಿಯುವ ಹಿಂದಿನ ದಿನ ನಿಮ್ಮವರ ಮಾತಿಗೆ ಮರುಳಾಗಿ ಮುಂದಿನ ಪ್ರಯಾಣಕ್ಕೆ ಮುಂಗಡ ಕಟ್ಟಿದ್ದೇನೆ. ಅದನ್ನು ವಾಪಸ್ ಕೇಳುತ್ತಿಲ್ಲ. ನಾನು ಬರುತ್ತೇನೆ. ಹಡಗು ಹತ್ತಿದ ದಿನ ನೀವು ಹೊಸಬರನ್ನು ಗುಂಪು ಕಟ್ಟಿ ಸ್ಪಾ ತೋರಿಸಲು ಕರೆದೊಯ್ಯುತ್ತೀರಲ್ಲ, ಆಗ ಆ ಸ್ವಾಗತ ಮೇಜಿನ ಪಕ್ಕದಲ್ಲೇ ನಿಂತಿರುತ್ತೇನೆ. ಈ ಸಲ ಕನ್ನಡಕ ಹಾಕಿಕೊಂಡು. ಪಾಸ್ ಯಾವುದಕ್ಕೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲುವುದಿಲ್ಲ, ರದ್ದತಿಯ ನಿಯಮವೇನು, ಟಿಪ್ಸ್ ಎಲ್ಲಿ ಸೇರಿರುತ್ತದೆ, ಎಲ್ಲವನ್ನೂ ಓದಿ ಹೇಳುತ್ತೇನೆ. ಯಾರಾದರೂ ‘ಸ್ವಲ್ಪ ಮೆಲ್ಲಗೆ’ ಎಂದರೆ ಇನ್ನೊಮ್ಮೆ ಓದುತ್ತೇನೆ, ಬಿಡಿಸಿ ಬಿಡಿಸಿ.

ಇಂತಿ,
ನಿಮ್ಮ ಪ್ರಯಾಣಿಕಳು
(ಕ್ಯಾಬಿನ್ ಸಂಖ್ಯೆ, ಬುಕಿಂಗ್ ಸಂಖ್ಯೆ ನಿಮ್ಮಲ್ಲಿವೆ. ನನ್ನ ಜೀರ್ಣಾಂಗದ ವಿವರವೂ ಇದೆ.)